ಬೆಲ್ಲದ ಪುಡಿ ಪೌಚ್‌ಗೆ ಡಿಸೈನ್: ಮುಂಭಾಗದಲ್ಲಿ ಏನಿರಬೇಕು, ಏನು ಬೇಡ?

ಪಾಂಡವಪುರ_ಆಲೆಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಪಾಂಡವಪುರದ ಹತ್ತಿರದ ಹಳ್ಳಿ. ಸ್ತ್ರೀಶಕ್ತಿ ಸಂಘದಿಂದ ಬೆಲ್ಲದ ಪುಡಿ ಮಾಡಿ ಮಾರುತ್ತಿದ್ದೇವೆ. ಇಷ್ಟು ದಿನ ಸಾದಾ ಪ್ಲಾಸ್ಟಿಕ್ ಕವರಿಗೆ ತುಂಬಿ ಪರಿಚಯದವರಿಗೆ ಕೊಡುತ್ತಿದ್ದೆವು. ಈಗ ಮಂಡ್ಯ, ಮೈಸೂರಿನ ಅಂಗಡಿಗಳಲ್ಲಿ ಇಡಬೇಕು ಅಂತ ತೀರ್ಮಾನ ಮಾಡಿದ್ದೇವೆ. ಅರ್ಧ ಕೆಜಿ ಪೌಚ್, ಮೇಲೆ ಜಿಪ್ ಇರುವಂಥದ್ದು.

ಡಿಟಿಪಿ ಮಾಡುವವರೊಬ್ಬರು ಡಿಸೈನ್ ಮಾಡಿಕೊಟ್ಟಿದ್ದಾರೆ. ಮುಂಭಾಗದಲ್ಲಿ ಕಬ್ಬಿನ ಗದ್ದೆ, ಎತ್ತಿನ ಗಾಣ, ಕೆಆರ್‌ಎಸ್ ಅಣೆಕಟ್ಟು ಮೂರೂ ಇವೆ. ಸಂಘದ ಹೆಸರು, ಬೆಲ್ಲದ ಹೆಸರು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಒಂದೇ ಗಾತ್ರ. ಜೊತೆಗೆ ‘100% ಸಾವಯವ’, ‘ರಾಸಾಯನಿಕ ಮುಕ್ತ’, ‘ಸಕ್ಕರೆ ಕಾಯಿಲೆ ಇರುವವರಿಗೂ ಉತ್ತಮ’ ಅನ್ನುವ ಸಾಲುಗಳು. ಹಿನ್ನೆಲೆ ಮಿಂಚುವ ಎಳೆ ಹಸಿರು. ಮೊಬೈಲಿನಲ್ಲಿ ಚೆನ್ನಾಗೇ ಕಾಣುತ್ತೆ. ಪ್ರಿಂಟ್ ತೆಗೆಸಿ ಪೌಚ್ ಮೇಲೆ ಇಟ್ಟರೆ ಹಸಿರು ಮಂಕು, ಅಕ್ಷರ ಯಾವುದೂ ಎದ್ದು ಕಾಣುವುದಿಲ್ಲ.

ಇನ್ನೊಂದು ಚಿಂತೆ ಇದಕ್ಕಿಂತ ದೊಡ್ಡದು. ನಾವು ಹೈಡ್ರೋಸ್ (ಬೆಲ್ಲದ ಬಣ್ಣ ತಿಳಿ ಮಾಡುವ ರಾಸಾಯನಿಕ) ಹಾಕುವುದಿಲ್ಲ, ಅದಕ್ಕೆ ನಮ್ಮ ಬೆಲ್ಲ ಕಂದು, ಹೆಚ್ಚುಕಮ್ಮಿ ಕಪ್ಪು. ಗಿರಾಕಿಗಳಿಗೆ ಹಳದಿ ಬೆಲ್ಲವೇ ಒಳ್ಳೆಯದು ಅನ್ನುವ ಭಾವನೆ ಇದೆ. ಪೌಚ್‌ನಲ್ಲಿ ಬೆಲ್ಲ ಕಾಣುವ ಹಾಗೆ ಕಿಟಕಿ ಬಿಡಬೇಕಾ, ಪೂರ್ತಿ ಮುಚ್ಚಿಬಿಡಬೇಕಾ? ತಿಳಿದವರು ಹೇಳಿ.

ದಿನಸಿ_ಮಂಡ್ಯ

ಅಕ್ಕ, ಅಂಗಡಿಯವನಾಗಿ ಒಂದು ಮಾತು. ಗಿರಾಕಿ ಪ್ಯಾಕೆಟ್ ಓದುವುದು ಕೈಗೆ ತೆಗೆದುಕೊಂಡ ಮೇಲೆ. ಮೊದಲು ದೂರದಿಂದ ನೋಡುತ್ತಾರೆ. ಕೌಂಟರ್ ಈಚೆ ನಿಂತವರಿಗೆ ರ‍್ಯಾಕ್ ಆರೇಳು ಅಡಿ ದೂರ ಇರುತ್ತೆ. ಅಷ್ಟು ದೂರಕ್ಕೆ ‘ಬೆಲ್ಲದ ಪುಡಿ’ ಅಂತ ಕಾಣಬೇಕು. ಕಾಣಲಿಲ್ಲ ಅಂದರೆ ‘ಅದೇನದು, ಗೊಬ್ಬರಾನಾ?’ ಅಂತ ಕೇಳುವವರೂ ಇದ್ದಾರೆ.

ಹಸಿರು ಬಣ್ಣ ಬೇಡ. ನನ್ನ ಅಂಗಡಿಯಲ್ಲಿ ಸಾವಯವ ಅಂತ ಬಂದಿದ್ದೆಲ್ಲ ಹಸಿರೇ. ಎಲ್ಲ ಒಂದೇ ಥರ ಕಾಣುತ್ತೆ.

ಕುಂಚ_ಮೈಸೂರು

ಅಕ್ಕ, ನಾನು ಮೈಸೂರಿನಲ್ಲಿ ಪ್ಯಾಕೇಜಿಂಗ್ ಡಿಸೈನ್ ಮಾಡುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ನಿಮ್ಮ ಕೊನೆಯ ಪ್ರಶ್ನೆಯಲ್ಲೇ ನಿಮ್ಮ ಡಿಸೈನ್ ಇದೆ. ನಿಮ್ಮ ಬೆಲ್ಲ ಯಾಕೆ ಕಪ್ಪು ಅನ್ನುವುದನ್ನು ಪೌಚ್ ಹೇಳಬೇಕು. ಉಳಿದದ್ದೆಲ್ಲ ಅದಕ್ಕೆ ಜಾಗ ಬಿಟ್ಟುಕೊಡಬೇಕು. ಕಪ್ಪನ್ನು ಮುಚ್ಚಿಟ್ಟರೆ ಗಿರಾಕಿ ಮನೆಗೆ ಹೋಗಿ ಬಿಚ್ಚಿದಾಗ ‘ಹಳೇ ಬೆಲ್ಲ ಕೊಟ್ಟರು’ ಅಂದುಕೊಳ್ಳುತ್ತಾರೆ. ಅಂಗಡಿಯಲ್ಲೇ ನೋಡಿ, ಕಾರಣ ಓದಿ ಕೊಂಡವರು ಮತ್ತೆ ಬರುತ್ತಾರೆ. ಹಾಗಾಗಿ ಕಿಟಕಿ ಇರಲಿ. ಅದರ ಪಕ್ಕದಲ್ಲೇ ಒಂದು ಸಾಲು: ‘ಈ ಬಣ್ಣ ಸಹಜ, ಹೈಡ್ರೋಸ್ ಹಾಕಿಲ್ಲ.’ ನೋಡುವ ಜಾಗದಲ್ಲೇ ಉತ್ತರವೂ ಇರಬೇಕು. ಸಂಬಂಧ ಇರುವ ಎರಡು ವಿಷಯ ಹತ್ತಿರ ಇಟ್ಟರೆ ಕಣ್ಣು ತಾನೇ ಜೋಡಿಸಿಕೊಳ್ಳುತ್ತೆ. ಇದು ಡಿಸೈನ್‌ನ ಮೊದಲ ಪಾಠಗಳಲ್ಲಿ ಒಂದು.

ಎರಡನೆಯದು, ಯಾವುದು ಮುಖ್ಯ ಅನ್ನುವ ಕ್ರಮ. ಈಗಿನ ಮುಂಭಾಗದಲ್ಲಿ ಎಲ್ಲವೂ ಒಂದೇ ಜೋರಿನಲ್ಲಿ ಕೂಗುತ್ತಿವೆ. ದೊಡ್ಡದು, ಮಧ್ಯಮ, ಸಣ್ಣದು ಅಂತ ಮೂರೇ ಗಾತ್ರ ಇಟ್ಟುಕೊಳ್ಳಿ. ಅತಿ ದೊಡ್ಡದು ‘ಬೆಲ್ಲದ ಪುಡಿ’. ಮಧ್ಯಮ ನಿಮ್ಮ ಬ್ರ್ಯಾಂಡ್ ಹೆಸರು ಮತ್ತು ಹೈಡ್ರೋಸ್ ಸಾಲು. ಸಣ್ಣದು ತೂಕ, ಊರು. ಹೊಸ ಬ್ರ್ಯಾಂಡ್‌ನ ಹೆಸರು ಯಾರಿಗೂ ಗೊತ್ತಿರುವುದಿಲ್ಲ, ಅದನ್ನೇ ಎಲ್ಲಕ್ಕಿಂತ ದೊಡ್ಡದು ಮಾಡಿ ಪ್ರಯೋಜನ ಇಲ್ಲ. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, ದೂರ ನಿಂತು ಕಣ್ಣು ಅರೆ ಮುಚ್ಚಿ ನೋಡಿ. ಆಗಲೂ ಯಾವುದು ಉಳಿಯುತ್ತೋ ಅದೇ ನಿಮ್ಮ ಗಿರಾಕಿಗೆ ಕಾಣುವುದು.

ಮೂರನೆಯದು ಚಿತ್ರ. ಗದ್ದೆ, ಗಾಣ, ಅಣೆಕಟ್ಟು ಮೂರರಲ್ಲಿ ಯಾವುದೂ ನಿಮ್ಮದೊಬ್ಬರದೇ ಅಲ್ಲ. ಮಂಡ್ಯದ ಯಾವ ಬೆಲ್ಲಕ್ಕಾದರೂ ಹೊಂದುತ್ತವೆ. ನೀವು ಕರೆಂಟಿನ ಕ್ರಷರ್‌ನಲ್ಲಿ ಕಬ್ಬು ಅರೆಯುತ್ತಿದ್ದರೆ ಎತ್ತಿನ ಗಾಣ ಹಾಕಲೇಬೇಡಿ, ಅದು ಗಿರಾಕಿಗೆ ಸುಳ್ಳು ಹೇಳಿದ ಹಾಗೆ. ಒಂದೇ ಚಿತ್ರ, ಅದೂ ಸರಳ ಗೆರೆಯಲ್ಲಿ. ನಮ್ಮ ಮೈಸೂರಿನಲ್ಲೇ ಒಳ್ಳೆಯ ಉದಾಹರಣೆ ಇದೆ ನೋಡಿ. 1948ರಲ್ಲಿ ಎನ್. ರಂಗರಾವ್ ಇಲ್ಲಿ ಶುರು ಮಾಡಿದ ಊದುಬತ್ತಿ ಕಂಪನಿ ‘ಸೈಕಲ್’. ಓದು ಬಾರದವರೂ ಸೈಕಲ್ ಚಿತ್ರ ತೋರಿಸಿ ಕೇಳಬಹುದು. ಯಾವ ಭಾಷೆಯವರಿಗೂ ಹೇಳುವುದು ಸುಲಭ. ಊದುಬತ್ತಿಗೂ ಸೈಕಲ್ಲಿಗೂ ನೇರ ಸಂಬಂಧ ಇಲ್ಲ, ಆದರೂ ಗುರುತು ಗಟ್ಟಿಯಾಗಿ ನಿಂತಿದೆ. ಯಾಕೆ ಅಂದರೆ ಚಿತ್ರ ಒಂದೇ, ಸರಳ, ಮತ್ತೆ ಅವರು ಅದನ್ನು ಬಿಟ್ಟುಕೊಡಲಿಲ್ಲ.

ಮೈಸೂರು ಸ್ಯಾಂಡಲ್ ಸೋಪನ್ನೂ ತೆಗೆದುಕೊಳ್ಳಿ. ಎಲ್ಲರೂ ಆಯತದ ಸೋಪು ಮಾಡುತ್ತಿದ್ದಾಗ ಎಸ್.ಜಿ. ಶಾಸ್ತ್ರಿಯವರು ಅದನ್ನು ಮೊಟ್ಟೆಯಾಕಾರ ಮಾಡಿಸಿದರು, ಒಡವೆ ಇಡುವಂಥ ಹೂವಿನ ಚಿತ್ತಾರದ ಪೆಟ್ಟಿಗೆ ಕೊಟ್ಟರು. ಗುರುತಿಗೆ ಸಿಂಹದ ಮೈ, ಆನೆಯ ತಲೆಯ ಶರಭ. ಗಂಧದ ಮರದ ಚಿತ್ರಕ್ಕಿಂತ ಆ ಪೆಟ್ಟಿಗೆಯೇ ಗಂಧದ ಬೆಲೆಯನ್ನು ಹೇಳಿತು. ಆಕಾರ, ಮುಟ್ಟಿದಾಗಿನ ಅನುಭವ, ತೆಗೆಯುವ ರೀತಿ ಎಲ್ಲವೂ ಡಿಸೈನೇ. ಪ್ಯಾಕೇಜಿಂಗ್ ಅಂದರೆ ಮೇಲೆ ಅಂಟಿಸುವ ಚಿತ್ರ ಮಾತ್ರ ಅಲ್ಲ.

ಬಣ್ಣದ ಬಗ್ಗೆ ದಿನಸಿ ಅಣ್ಣ ಹೇಳಿದ್ದು ಸರಿ. ನಿಮ್ಮ ಬೆಲ್ಲವೇ ಕಡು ಕಂದು. ಅದರ ಸುತ್ತ ಕೆನೆ ಬಣ್ಣ ಅಥವಾ ತಿಳಿ ಹಳದಿ ಇಟ್ಟರೆ ಬೆಲ್ಲ ಎದ್ದು ಕಾಣುತ್ತೆ, ಮತ್ತೆ ರುಚಿಯಾಗಿಯೂ ಕಾಣುತ್ತೆ. ಅಕ್ಷರಕ್ಕೆ ಬೆಲ್ಲದ್ದೇ ಕಂದು. ಬೇರೆ ಒಂದು ಬಣ್ಣ ಬೇಕಾದರೆ ಹೈಡ್ರೋಸ್ ಸಾಲಿಗೆ ಮಾತ್ರ. ಖಾಲಿ ಜಾಗ ಕಂಡರೆ ತುಂಬಬೇಕು ಅನ್ನಿಸುತ್ತೆ. ದಯವಿಟ್ಟು ತುಂಬಬೇಡಿ. ಆ ಖಾಲಿ ಜಾಗದಿಂದಲೇ ಹೆಸರು ದೊಡ್ಡದಾಗಿ ಕಾಣುವುದು.

ದಿನಸಿ_ಮಂಡ್ಯ

ಸರ್, ಒಂದು ಕಡೆ ನಾನು ಒಪ್ಪಲ್ಲ. ಊರಿನ ಹೆಸರು ಸಣ್ಣದು ಬೇಡ. ಬೆಂಗಳೂರಿಗೆ ಹೋಗುವವರು ನೆಂಟರಿಗೆ ಕೊಡಲು ‘ಮಂಡ್ಯದ ಬೆಲ್ಲ’ ಅಂತಲೇ ಕೇಳಿ ಒಯ್ಯುತ್ತಾರೆ. ನಮ್ಮ ಮಂಡ್ಯದ ಹೆಸರಿಗೇ ಒಂದು ಬೆಲೆ ಇದೆ. ಅದನ್ನು ಯಾಕೆ ಮೂಲೆಗೆ ಹಾಕಬೇಕು?

ಕುಂಚ_ಮೈಸೂರು

ಒಳ್ಳೆಯ ಮಾತು ಅಣ್ಣ. ಹಾಗಾದರೆ ‘ಮಂಡ್ಯದ ಬೆಲ್ಲದ ಪುಡಿ’ ಅಂತ ಒಂದೇ ಘಟಕ ಮಾಡೋಣ. ಎರಡು ಸಾಲು, ‘ಮಂಡ್ಯದ’ ಸ್ವಲ್ಪ ಸಣ್ಣ, ‘ಬೆಲ್ಲದ ಪುಡಿ’ ದೊಡ್ಡದು. ಅಣೆಕಟ್ಟಿನ ಫೋಟೊ ಹೇಳಬೇಕಾದ್ದನ್ನು ಆ ಒಂದು ಪದ ಹೇಳುತ್ತೆ.

ಆಹಾರ_ತಂತ್ರ

ಡಿಸೈನ್ ಮಾತು ನಡೆಯಲಿ, ಅದಕ್ಕೂ ಮೊದಲು ಪೌಚ್ ಯಾವ ವಸ್ತುವಿನದು ಅಂತ ಕೇಳಬೇಕಿತ್ತು. ಬೆಲ್ಲದ ಪುಡಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತೆ. ಮಳೆಗಾಲದಲ್ಲಿ ಗಂಟು ಕಟ್ಟಿ, ಆಮೇಲೆ ಅಂಟಂಟಾಗಿ, ಕೊನೆಗೆ ಬೂಸ್ಟು ಬರುತ್ತೆ. ಈಗ ಕಂದು ಕಾಗದದ ಪೌಚ್ ಫ್ಯಾಷನ್ ಆಗಿದೆ. ಬರೀ ಕಾಗದ ತೇವ ತಡೆಯುವುದಿಲ್ಲ. ಒಳಗೆ ಪ್ಲಾಸ್ಟಿಕ್ ಅಥವಾ ಲೋಹದ ಪದರ ಇರುವ ಲ್ಯಾಮಿನೇಟ್ ಬೇಕು. ಸೀಲ್ ಗಟ್ಟಿ ಇರಬೇಕು. ಜಿಪ್ ಇದ್ದರೂ ಅದರ ಮೇಲೆ ಹೀಟ್ ಸೀಲ್ ಬೇಕೇ ಬೇಕು, ಜಿಪ್ ಒಂದೇ ಸಾಲದು.

ಕಿಟಕಿ ವಿಷಯ: ಬೆಳಕು, ಬಿಸಿ ಎರಡೂ ಬೆಲ್ಲವನ್ನು ಇನ್ನೂ ಕಪ್ಪು ಮಾಡುತ್ತವೆ. ಜೊತೆಗೆ ಕಿಟಕಿ ಇರುವ ಕಡೆ ಲೋಹದ ಪದರ ಇರುವುದಿಲ್ಲ, ಅಲ್ಲಿ ತಡೆ ಕಮ್ಮಿ. ಅದಕ್ಕೆ ಕಿಟಕಿ ಚಿಕ್ಕದಿರಲಿ, ಕೆಳಗಡೆ ಇರಲಿ. ಪುಡಿಯನ್ನು ಚೆನ್ನಾಗಿ ಒಣಗಿಸಿ, ತಣ್ಣಗಾದ ಮೇಲೆಯೇ ತುಂಬಿ. ಬಿಸಿ ಇರುವಾಗ ತುಂಬಿದರೆ ಒಳಗೇ ಹನಿ ಕಟ್ಟುತ್ತೆ.

ಮೈಸೂರಿನ ಸಿಎಫ್‌ಟಿಆರ್‌ಐ ಇದೆಯಲ್ಲ, 1950ರಿಂದ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಇರುವ ಕೇಂದ್ರದ ಆಹಾರ ಸಂಶೋಧನಾ ಸಂಸ್ಥೆ, ಅಲ್ಲಿ ಆಹಾರ ಪ್ಯಾಕೇಜಿಂಗ್‌ಗೇ ಒಂದು ವಿಭಾಗ ಇದೆ. ಎಷ್ಟು ತಿಂಗಳು ಬಾಳಿಕೆ ಬರುತ್ತೆ ಅನ್ನುವುದನ್ನು ಅಂದಾಜಿನಲ್ಲಿ ಬರೆಯಬೇಡಿ, ಪರೀಕ್ಷೆ ಮಾಡಿಸಿ ಬರೆಯಿರಿ.

ಇನ್ನು ನಿಮ್ಮ ಸಾಲುಗಳು. ‘ಸಕ್ಕರೆ ಕಾಯಿಲೆ ಇರುವವರಿಗೂ ಉತ್ತಮ’ ಅನ್ನುವುದನ್ನು ಇವತ್ತೇ ತೆಗೆಯಿರಿ. ಬೆಲ್ಲದಲ್ಲಿ ಬಹುಪಾಲು ಸಕ್ಕರೆಯೇ ಇರುವುದು, ರಕ್ತದ ಸಕ್ಕರೆ ಏರೇ ಏರುತ್ತೆ. ಯಾರೋ ನಂಬಿ ತಿಂದು ತೊಂದರೆ ಪಡಬಾರದು. ಆಹಾರದ ಜಾಹೀರಾತು ಮತ್ತು ಹೇಳಿಕೆಗಳಿಗೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ನಿಯಮಗಳೇ ಇವೆ. ‘ಸಾವಯವ’ ಅಂತ ಹಾಕಲು ಎನ್‌ಪಿಒಪಿ ಅಥವಾ ಪಿಜಿಎಸ್ ಇಂಡಿಯಾ ಅನ್ನುವ ಸರ್ಕಾರಿ ವ್ಯವಸ್ಥೆಯ ಪ್ರಮಾಣಪತ್ರ ಬೇಕು, ಆಗ ಸಾವಯವ ಆಹಾರದ ಗುರುತಾದ ಜೈವಿಕ್ ಭಾರತ್ ಲೋಗೊ ಹಾಕಬಹುದು. ಪ್ರಮಾಣಪತ್ರ ಇಲ್ಲದಿದ್ದರೆ ಆ ಪದ ಬೇಡ. ‘ರಾಸಾಯನಿಕ ಮುಕ್ತ’ ಕೂಡ ಬೇಡ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ತಿಳಿಯಾಗಲು ಸುಣ್ಣ ಹಾಕುತ್ತೀರಿ ಅಲ್ವಾ? ಏನು ಹಾಕಿಲ್ಲವೋ ಅದರ ಹೆಸರು ಹೇಳಿ, ಅಷ್ಟು ಸಾಕು. ಹೈಡ್ರೋಸ್ ಹಾಕಿದರೆ ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡ್ ಉಳಿಯುತ್ತೆ, ಅದು 70 ಪಿಪಿಎಂ (ಕೆಜಿಗೆ 70 ಮಿಲಿಗ್ರಾಂ) ದಾಟಬಾರದು ಅಂತ ಮಿತಿ ಇದೆ. ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಂಡರೆ ನಿಮ್ಮ ಹೈಡ್ರೋಸ್ ಮಾತಿಗೆ ಬಲ ಬರುತ್ತೆ.

ಪಾಂಡವಪುರ_ಆಲೆಮನೆ

ಹೌದು, ಸುಣ್ಣ ಸ್ವಲ್ಪ ಹಾಕುತ್ತೇವೆ. ಕೊಳೆ ತೆಗೆಯಲು ಬೆಂಡೆ ಗಿಡದ ಲೋಳೆ ಹಾಕುತ್ತೇವೆ. ಸಕ್ಕರೆ ಕಾಯಿಲೆ ಸಾಲು ತೆಗೆದಾಯಿತು. ಡಿಟಿಪಿಯವರು ‘ಎಲ್ಲರೂ ಹಾಕುತ್ತಾರೆ’ ಅಂದಿದ್ದರು. ಪ್ರಮಾಣಪತ್ರ ಇನ್ನೂ ಇಲ್ಲ, ಸಾವಯವವೂ ತೆಗೆಯುತ್ತೇವೆ.

ಬೆಂಡೆ ಲೋಳೆ ವಿಷಯ ಬರೆಯಬಹುದಾ?

ಕುಂಚ_ಮೈಸೂರು

ಖಂಡಿತ ಬರೆಯಿರಿ! ಹಿಂಭಾಗದಲ್ಲಿ. ‘ಕಬ್ಬಿನ ಹಾಲನ್ನು ಬೆಂಡೆ ಗಿಡದ ಲೋಳೆ ಹಾಕಿ ತಿಳಿ ಮಾಡುತ್ತೇವೆ’. ನೂರು ವಿಶೇಷಣಕ್ಕಿಂತ ಈ ಒಂದು ಸಾಲು ಮೇಲು. ಆಲೆಮನೆ ನೋಡದವರಿಗೆ ಇದು ಹೊಸ ವಿಷಯ. ನಿಮ್ಮ ಒಂದೇ ಚಿತ್ರಕ್ಕೂ ಇಲ್ಲಿಂದಲೇ ದಾರಿ ಸಿಕ್ಕಿತು. ಕಬ್ಬಿನ ಜಲ್ಲೆ ಎಲ್ಲರಿಗೂ ಇದೆ. ಕೊಪ್ಪರಿಗೆ ಮತ್ತು ಅದರಿಂದ ಏಳುವ ಹಬೆಯ ಗೆರೆ ಚಿತ್ರ ಮಾಡಿಸಿ.

ಅಪ್ಲೈಡ್_ಆರ್ಟ್_ವಿದ್ಯಾರ್ಥಿ

ಮೈಸೂರಿನ ಕಲಾ ಶಾಲೆ ಕಾವಾದಲ್ಲಿ ಓದುತ್ತಿದ್ದೇನೆ, ಅಕ್ಷರ ವಿನ್ಯಾಸ ನನಗೆ ತುಂಬಾ ಇಷ್ಟ. ಕನ್ನಡ ಅಕ್ಷರದ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಇಂಗ್ಲಿಷ್ ಸಾಲುಗಳ ಲೆಕ್ಕದಲ್ಲಿ ಕನ್ನಡ ಕೂರಿಸಿದರೆ ಆಗುವುದಿಲ್ಲ. ನಮ್ಮಲ್ಲಿ ಒತ್ತು ಕೆಳಗೆ ಇಳಿಯುತ್ತೆ, ಗುಡಿಸು ಮೇಲೆ ಏರುತ್ತೆ. ‘ಮಂಡ್ಯದ’ ಅನ್ನುವ ಪದದ ಯ-ಒತ್ತು, ಕೆಳಗಿನ ಸಾಲಿನ ‘ಬೆಲ್ಲದ’ ಮೇಲಿನ ಎತ್ವಕ್ಕೆ ತಾಗುತ್ತೆ. ಸಾಲುಗಳ ನಡುವೆ ಜಾಸ್ತಿ ಜಾಗ ಬಿಡಿ, ಅಥವಾ ತಾಗುವ ಜಾಗವನ್ನು ನೋಡಿಕೊಂಡು ಕೈಯಾರೆ ಸರಿಸಿ. ಒಂದೇ ಗಾತ್ರದ ಫಾಂಟ್ ಹಾಕಿದರೂ ಕನ್ನಡ ಇಂಗ್ಲಿಷ್‌ಗಿಂತ ಚಿಕ್ಕದಾಗಿ ಕಾಣಬಹುದು. ಸಂಖ್ಯೆ ನೋಡಬೇಡಿ, ಕಣ್ಣಿಗೆ ಸಮ ಆಗುವವರೆಗೆ ಹೊಂದಿಸಿ.

ಅಕ್ಷರಗಳನ್ನು ಅಗಲಕ್ಕೆ ಹಿಗ್ಗಿಸುವುದು, ಸುತ್ತ ದಪ್ಪ ಬಿಳಿ ಗೆರೆ ಮತ್ತು ನೆರಳು ಕೊಡುವುದು ಫ್ಲೆಕ್ಸ್‌ನ ಅಭ್ಯಾಸ. ಪೌಚ್‌ನಲ್ಲಿ ಅದು ಬೇಡ. ಅಗಲ ಬೇಕಿದ್ದರೆ ಅಗಲವಾಗಿಯೇ ಮಾಡಿದ ಫಾಂಟ್ ತೆಗೆದುಕೊಳ್ಳಿ. ಅನೇಕ್ ಕನ್ನಡದಲ್ಲಿ ಕಿರಿದರಿಂದ ಅಗಲದವರೆಗೆ, ತೆಳುವಿನಿಂದ ದಪ್ಪದವರೆಗೆ ಎಲ್ಲ ಇವೆ. ಬಾಲೂ ತಮ್ಮ ಅನ್ನುವ ಫಾಂಟ್ ದಪ್ಪ, ದುಂಡು, ತಿನ್ನುವ ಪದಾರ್ಥಕ್ಕೆ ಚೆಂದ. ಹಿಂಭಾಗದ ಸಣ್ಣ ಅಕ್ಷರಕ್ಕೆ ನೋಟೊ ಸಾನ್ಸ್ ಕನ್ನಡ. ಮೂರೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ, ವ್ಯಾಪಾರಕ್ಕೂ ಬಳಸಬಹುದು. ಒಂದು ಪೌಚ್‌ಗೆ ಎರಡು ಫಾಂಟ್ ಸಾಕು.

ಒಂದು ಆಸೆ ಹೇಳುತ್ತೇನೆ. ದುಡ್ಡು ಹೊಂದಿದರೆ ‘ಬೆಲ್ಲ’ ಪದವನ್ನು ಕೈಬರಹದಲ್ಲಿ ಬರೆಸಿ. ಹಿಂದೆ ಅಂಗಡಿ ಬೋರ್ಡ್ ಬರೆಯುತ್ತಿದ್ದ ಕಲಾವಿದರು ಮೈಸೂರಿನಲ್ಲಿ ಇನ್ನೂ ಇದ್ದಾರೆ. ಅವರ ಕುಂಚದ ತಿರುವು ಯಾವ ಫಾಂಟಿನಲ್ಲೂ ಸಿಗುವುದಿಲ್ಲ.

ದಿನಸಿ_ಮಂಡ್ಯ

ಕನ್ನಡ ದೊಡ್ಡದಾ, ಇಂಗ್ಲಿಷ್ ದೊಡ್ಡದಾ? ಸೂಪರ್ ಮಾರ್ಕೆಟ್‌ನವರು ಇಂಗ್ಲಿಷ್ ಕೇಳುತ್ತಾರಲ್ಲ.

ಅಪ್ಲೈಡ್_ಆರ್ಟ್_ವಿದ್ಯಾರ್ಥಿ

ನನ್ನ ಮಟ್ಟಿಗೆ ಕನ್ನಡವೇ ದೊಡ್ಡದು. ಮಂಡ್ಯದ ಬೆಲ್ಲ ಕನ್ನಡದಲ್ಲಿ ಕಾಣದಿದ್ದರೆ ಇನ್ನೇನು ಕಾಣಬೇಕು ಅಣ್ಣ? ಕೆಳಗೆ ಇಂಗ್ಲಿಷ್ ಹೆಸರು ಸಣ್ಣದಾಗಿ ಇರಲಿ, ತಿಳಿಯದವರಿಗೆ ಅನುಕೂಲ.

ಆಹಾರ_ತಂತ್ರ

ಕಾನೂನಿನ ಲೆಕ್ಕವೂ ಇದೆ. 2020ರ ಲೇಬಲಿಂಗ್ ನಿಯಮದ ಪ್ರಕಾರ ಕಡ್ಡಾಯ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಬೇಕು, ಜೊತೆಗೆ ಬೇರೆ ಭಾಷೆ ಎಷ್ಟು ಬೇಕಾದರೂ ಹಾಕಬಹುದು. ನಮ್ಮ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಇಲ್ಲಿ ತಯಾರಾದ ಸರಕಿನ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಲಿ ಅನ್ನುತ್ತೆ. ಹಿಂಭಾಗದ ವಿವರ ಇಂಗ್ಲಿಷ್‌ನಲ್ಲಿ, ಮುಂಭಾಗದ ಹೆಸರು ಕನ್ನಡದಲ್ಲಿ ದೊಡ್ಡದಾಗಿ ಇಟ್ಟರೆ ಎರಡೂ ಕಡೆ ಸರಿಹೋಗುತ್ತೆ.

ಹಿಂಭಾಗದಲ್ಲಿ ಬೇಕಾದ್ದು: ಪದಾರ್ಥದ ಹೆಸರು, ಏನೇನು ಹಾಕಿದ್ದೀರಿ, ಪೌಷ್ಟಿಕಾಂಶದ ಪಟ್ಟಿ, ತಯಾರಿಸಿದವರ ಪೂರ್ತಿ ವಿಳಾಸ, ಎಫ್‌ಎಸ್‌ಎಸ್‌ಎಐ ಲೋಗೊ ಮತ್ತು 14 ಅಂಕಿಯ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಸಿದ ದಿನ, ಬಳಕೆಯ ಕೊನೆ ದಿನ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿ ಎಂಆರ್‌ಪಿ, ದೂರು ಹೇಳಲು ಫೋನ್ ಮತ್ತು ಇಮೇಲ್. ಒಂದು ಗ್ರಾಂಗೆ ಎಷ್ಟು ಬೆಲೆ ಅಂತಲೂ ಹಾಕಬೇಕು. 500 ಗ್ರಾಂಗೆ ₹90 ಆದರೆ ಗ್ರಾಂಗೆ ₹0.18. ಸರಿಯಾಗಿ 1 ಕೆಜಿ ಪ್ಯಾಕ್ ಆದರೆ ಇದು ಬೇಕಿಲ್ಲ. ಸಸ್ಯಾಹಾರದ ಹಸಿರು ಚುಕ್ಕೆ ಮುಂಭಾಗದಲ್ಲಿ, ಹೆಸರಿನ ಹತ್ತಿರ. ಮುಂಭಾಗ 100ರಿಂದ 500 ಚದರ ಸೆಂ.ಮೀ. ಒಳಗಿದ್ದರೆ ಚುಕ್ಕೆ ಕನಿಷ್ಠ 4 ಮಿ.ಮೀ., ಸುತ್ತಲಿನ ಚೌಕ 8 ಮಿ.ಮೀ.

ಇವಕ್ಕೆಲ್ಲ ಮೊದಲು ಜಾಗ ತೆಗೆದಿಟ್ಟು, ಆಮೇಲೆ ಡಿಸೈನ್ ಶುರು ಮಾಡಿ. ಕೊನೆಗೆ ಸುಮ್ನೆ ತುರುಕಿದರೆ ಓದಲು ಆಗದಷ್ಟು ಸಣ್ಣದಾಗುತ್ತೆ.

ಮಸಿ_ಕಾಗದ

ನಾನು ಪ್ರೆಸ್ ಕಡೆಯವನು. ಹಸಿರು ಯಾಕೆ ಮಂಕಾಯಿತು ಅಂತ ಹೇಳುತ್ತೇನೆ ತಾಯಿ. ಮೊಬೈಲ್ ಪರದೆ ಬಣ್ಣವನ್ನು ಬೆಳಕಿನಿಂದ ಮಾಡುತ್ತೆ: ಕೆಂಪು, ಹಸಿರು, ನೀಲಿ. ಅಚ್ಚಿನಲ್ಲಿ ಬೆಳಕು ಇಲ್ಲ, ಇರುವುದು ಶಾಯಿ: ಸಯಾನ್, ಮಜೆಂಟಾ, ಹಳದಿ, ಕಪ್ಪು. ಪರದೆಯ ಮಿಂಚುವ ಹಸಿರು ಈ ನಾಲ್ಕು ಶಾಯಿಯಲ್ಲಿ ಹುಟ್ಟುವುದೇ ಇಲ್ಲ. ಅದಕ್ಕೆ ಫೈಲನ್ನು ಮೊದಲಿನಿಂದಲೂ ಸಿಎಂವೈಕೆಯಲ್ಲೇ, ಅಂದರೆ ಈ ನಾಲ್ಕು ಶಾಯಿಯ ಲೆಕ್ಕದಲ್ಲೇ ಮಾಡಿಸಬೇಕು.

ಇನ್ನೊಂದು, ಈ ನಾಲ್ಕರಲ್ಲಿ ಬಿಳಿ ಇಲ್ಲ. ಬಿಳಿ ಕಾಗದದಲ್ಲಿ ಕಾಗದವೇ ಬಿಳಿ. ಕಂದು ಕಾಗದದ ಮೇಲೆ ಅಥವಾ ಪಾರದರ್ಶಕ ಪೌಚ್ ಮೇಲೆ ಅಚ್ಚು ಹಾಕಿದರೆ ಕೆಳಗಿನ ಬಣ್ಣ ಮೇಲೆ ಬರುತ್ತೆ. ಕೆನೆ ಬಣ್ಣ ಕೊಟ್ಟರೆ ಕಾಣುವುದೇ ಇಲ್ಲ. ಮೊದಲು ಬಿಳಿ ಶಾಯಿಯ ಪದರ ಕೊಡಬೇಕು, ಅದಕ್ಕೆ ಬೇರೆ ಖರ್ಚು.

ಸಣ್ಣ ಅಕ್ಷರಕ್ಕೆ ಬರೀ ಕಪ್ಪು ಶಾಯಿ ಒಂದೇ ಇರಲಿ. ನಾಲ್ಕೂ ಶಾಯಿ ಸೇರಿಸಿ ಕಪ್ಪು ಮಾಡಿದರೆ, ಕೂದಲೆಳೆಯಷ್ಟು ಜರುಗಿದರೂ ಅಕ್ಷರದ ಸುತ್ತ ಬಣ್ಣದ ಅಂಚು ಬರುತ್ತೆ. ಕಡು ಹಿನ್ನೆಲೆಯ ಮೇಲೆ ಬಿಳಿಯಾಗಿ ಸಣ್ಣ ಕನ್ನಡ ಅಕ್ಷರ ಬಿಡುವುದೂ ಕಷ್ಟ. ಒತ್ತಿನ ಒಳಗಿನ ಕಿಂಡಿಗಳು ಶಾಯಿಯಿಂದ ತುಂಬಿಕೊಳ್ಳುತ್ತವೆ.

ಫೈಲ್ ಕೊಡುವಾಗ ಅಕ್ಷರಗಳನ್ನೆಲ್ಲ ಕರ್ವ್ಸ್ ಮಾಡಿಸಿ, ಅಂದರೆ ಅಕ್ಷರವನ್ನು ಗೆರೆ ಚಿತ್ರವಾಗಿ ಬದಲಿಸಿ. ನುಡಿ, ಬರಹದಂಥ ಕನ್ನಡ ಸಾಫ್ಟ್‌ವೇರಿನಲ್ಲಿ ಹೊಡೆದ ಅಕ್ಷರ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಗಜಿಬಿಜಿ. ಯುನಿಕೋಡ್ ಆದರೂ ಹಳೆಯ ಸಾಫ್ಟ್‌ವೇರಿನಲ್ಲಿ ಒತ್ತುಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಕರ್ವ್ಸ್ ಮಾಡುವ ಮುಂಚೆ ಕನ್ನಡ ಚೆನ್ನಾಗಿ ಬಲ್ಲವರೊಬ್ಬರು ಓದಲಿ, ಆಮೇಲೆ ತಿದ್ದಲು ಬರುವುದಿಲ್ಲ. ಫೋಟೊ ಇದ್ದರೆ 300 ಡಿಪಿಐ. ವಾಟ್ಸಾಪ್‌ನಲ್ಲಿ ಬಂದ ಫೋಟೊ ಬೇಡ. ಕತ್ತರಿಸುವ ಅಂಚಿನಿಂದ ಆಚೆಗೆ 3 ಮಿ.ಮೀ. ಹಿನ್ನೆಲೆ ಬಣ್ಣ ಹರಿದಿರಬೇಕು.

ಪಾಂಡವಪುರ_ಆಲೆಮನೆ

ಇಷ್ಟೊಂದು ವಿಷಯ ಇದೆ ಅಂತ ಯಾರೂ ನಮಗೆ ಹೇಳಿರಲಿಲ್ಲ. ಎಲ್ಲರಿಗೂ ತುಂಬಾ ಧನ್ಯವಾದ. ಪೌಚ್ ಮೇಲೇ ನೇರ ಅಚ್ಚು ಹಾಕಿಸುವುದಾ, ಸ್ಟಿಕ್ಕರ್ ಅಂಟಿಸುವುದಾ? ನಮ್ಮದು ಸಣ್ಣ ಪ್ರಮಾಣ.

ಮಸಿ_ಕಾಗದ

ಈಗ ಸ್ಟಿಕ್ಕರ್. ಪೌಚ್ ಮೇಲೆ ದೊಡ್ಡ ಪ್ರಮಾಣದಲ್ಲಿ ಅಚ್ಚು ಹಾಕುವುದು ಗ್ರಾವ್ಯೂರ್ ವಿಧಾನದಲ್ಲಿ. ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರ್ ಕೆತ್ತಬೇಕು. ಸಿಲಿಂಡರ್ ಖರ್ಚು ಹುಟ್ಟಬೇಕಾದರೆ ರಾಶಿ ಪೌಚ್ ಮಾಡಿಸಬೇಕು. ವಿಳಾಸದಲ್ಲೋ ಬೆಲೆಯಲ್ಲೋ ಒಂದು ಬದಲಾವಣೆ ಆದರೆ ಎಲ್ಲ ಹಾಳು. ಒಳ್ಳೆಯ ಲ್ಯಾಮಿನೇಟ್ ಇರುವ ಖಾಲಿ ಪೌಚ್ ತನ್ನಿ, ಮುಂದೊಂದು ಹಿಂದೊಂದು ಸ್ಟಿಕ್ಕರ್. ಕಾಗದದ ಸ್ಟಿಕ್ಕರ್ ಮಳೆಗಾಲದಲ್ಲಿ ಸುರುಳಿ ಏಳುತ್ತೆ, ಪಿಪಿ (ಪ್ಲಾಸ್ಟಿಕ್) ಸ್ಟಿಕ್ಕರ್ ಆದರೆ ನಿಲ್ಲುತ್ತೆ.

ಒಂದು ಖಾಲಿ ಪೌಚ್‌ಗೆ ನಿಮ್ಮ ಪುಡಿ ಅರ್ಧ ಕೆಜಿ ತುಂಬಿ ನಿಲ್ಲಿಸಿ. ಹೊಟ್ಟೆ ಉಬ್ಬುತ್ತೆ, ತಳ ಮಡಚುತ್ತೆ. ಚಪ್ಪಟೆಯಾಗಿ ಎಷ್ಟು ಕಾಣುತ್ತೋ ಅದರ ಮೇಲೆ ಬಿಳಿ ಕಾಗದ ಇಟ್ಟು ಗುರುತು ಮಾಡಿ. ಸ್ಟಿಕ್ಕರ್ ಅಳತೆ ಅದೇ. ಖಾಲಿ ಪೌಚ್ ಅಳೆದು ಮಾಡಿದರೆ ಅಂಚಿನ ಅಕ್ಷರ ಮಡಿಕೆಯೊಳಗೆ ಹೋಗುತ್ತೆ.

ದಿನಸಿ_ಮಂಡ್ಯ

ದಿನಾಂಕ, ಬ್ಯಾಚ್, ಎಂಆರ್‌ಪಿ ಹೊಡೆಯಲು ಒಂದು ಖಾಲಿ ಬಿಳಿ ಚೌಕ ಬಿಡಿ, ಅಲ್ಲಿಗೆ ಹೊಳಪು ಕೋಟಿಂಗ್ ಬೇಡ. ಹೊಳಪಿನ ಮೇಲೆ ಹೊಡೆದ ಸೀಲ್ ಬೆರಳು ತಾಗಿದರೆ ಅಳಿಸಿಹೋಗುತ್ತೆ. ತಾರೀಖು ಕಾಣದ ಮಾಲನ್ನು ನಾವು ವಾಪಸ್ ಕಳಿಸಬೇಕಾಗುತ್ತೆ ಅಕ್ಕ.

ಆಹಾರ_ತಂತ್ರ

ಖರ್ಚಿನ ಮಾತು ಬಂದಿದ್ದಕ್ಕೆ: ಸಣ್ಣ ಆಹಾರ ಘಟಕಗಳಿಗೆ ನೆರವಾಗುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಮಂಡ್ಯ ಜಿಲ್ಲೆಗೆ ಗುರುತಿಸಿರುವ ಉತ್ಪನ್ನ ಬೆಲ್ಲವೇ. ಸಂಘಗಳು ಗುಂಪಾಗಿ ಸೇರಿ ಒಂದೇ ಬ್ರ್ಯಾಂಡ್ ಮಾಡಿದರೆ ಬ್ರ್ಯಾಂಡಿಂಗ್, ಮಾರ್ಕೆಟಿಂಗ್ ಖರ್ಚಿನಲ್ಲಿ ಶೇ 50ರವರೆಗೆ ನೆರವು ಇತ್ತು. ಈಗಲೂ ಇದೆಯಾ ಅಂತ ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಅಕ್ಕಪಕ್ಕದ ಸಂಘಗಳ ಜೊತೆ ಮಾತಾಡಿ ನೋಡಿ.

ಪಾಂಡವಪುರ_ಆಲೆಮನೆ

ಸಂಘದಲ್ಲಿ ಕೂತು ಮಾತಾಡಿದೆವು. ತೀರ್ಮಾನ ಹೀಗಿದೆ. ಕೆನೆ ಬಣ್ಣದ ಸ್ಟಿಕ್ಕರ್. ‘ಮಂಡ್ಯದ ಬೆಲ್ಲದ ಪುಡಿ’ ಕಂದು ಬಣ್ಣದಲ್ಲಿ ದೊಡ್ಡದು. ಮೇಲೆ ಕೊಪ್ಪರಿಗೆ ಚಿತ್ರ, ಕೆಳಗೆ ಚಿಕ್ಕ ಕಿಟಕಿ, ಪಕ್ಕದಲ್ಲಿ ‘ಈ ಬಣ್ಣ ಸಹಜ, ಹೈಡ್ರೋಸ್ ಹಾಕಿಲ್ಲ’. ಹಿಂದೆ ಬೆಂಡೆ ಲೋಳೆ ಸಾಲು ಮತ್ತು ವಿವರಗಳು. ಅಣೆಕಟ್ಟು ತೆಗೆಯಲು ಇಬ್ಬರಿಗೆ ಇಷ್ಟ ಇರಲಿಲ್ಲ, ಗೋಡೆಗೆ ಅಂಟಿಸಿ ದೂರದಿಂದ ತೋರಿಸಿದ ಮೇಲೆ ಒಪ್ಪಿದರು.

ಬಾರ್‌ಕೋಡ್ ಒಂದು ಉಳಿದಿದೆ. ಅದನ್ನೂ ಕಂದು ಬಣ್ಣದಲ್ಲೇ ಹಾಕಿಸಬಹುದಾ? ಎಷ್ಟು ಸಣ್ಣದು ಮಾಡಬಹುದು?

ಮಸಿ_ಕಾಗದ

ಬಾರ್‌ಕೋಡ್ ಕಪ್ಪಿನಲ್ಲೇ ಇರಲಿ, ಬಿಳಿ ಚೌಕದ ಮೇಲೆ. ಅಂಗಡಿಯ ಸ್ಕ್ಯಾನರ್ ಸಾಮಾನ್ಯವಾಗಿ ಕೆಂಪು ಬೆಳಕಿನದು. ಕೆಂಪು ಅಂಶ ಜಾಸ್ತಿ ಇರುವ ಕಂದು ಗೆರೆ ಅದಕ್ಕೆ ಬಿಳಿಯ ಹಾಗೆ ಕಾಣುತ್ತೆ, ಓದುವುದಿಲ್ಲ. ಪೂರ್ತಿ ಅಳತೆ 37.29 × 25.93 ಮಿ.ಮೀ., ಅದರ ಶೇ 80ಕ್ಕಿಂತ ಕೆಳಗೆ ಇಳಿಸಬೇಡಿ, ಅಂದರೆ ಸುಮಾರು 30 × 21 ಮಿ.ಮೀ. ಎಡಬಲದ ಖಾಲಿ ಜಾಗವೂ ಆ ಅಳತೆಯಲ್ಲೇ ಸೇರಿದೆ, ಅಲ್ಲಿ ಏನೂ ಬರೆಯಬೇಡಿ. ಸಂಖ್ಯೆಯನ್ನು ಬಾರ್‌ಕೋಡ್ ಸಂಖ್ಯೆ ಕೊಡುವ ಸಂಸ್ಥೆ ಜಿಎಸ್1 ಇಂಡಿಯಾದಿಂದಲೇ ತೆಗೆದುಕೊಳ್ಳಿ, ಅವರು ಕೊಡುವುದು 890ರಿಂದ ಶುರುವಾಗುತ್ತೆ.

ಎಫ್‌ಎಸ್‌ಎಸ್‌ಎಐ ಸಂಖ್ಯೆ ಕೈಗೆ ಬಂದ ಮೇಲೆ ಅಚ್ಚಿಗೆ ಕೊಡಿ. ಅದಕ್ಕೂ ಮುಂಚೆ ಒಂದೇ ಒಂದು ಪ್ರೂಫ್ ಪಿಪಿ ಸ್ಟಿಕ್ಕರ್ ಮೇಲೇ ತೆಗೆಸಿ, ಪುಡಿ ತುಂಬಿದ ಪೌಚ್‌ಗೆ ಅಂಟಿಸಿ, ದಿನಸಿ ಅಣ್ಣನ ರ‍್ಯಾಕ್‌ನಲ್ಲಿ ಇಟ್ಟು ನೋಡಿ.

ದಿನಸಿ_ಮಂಡ್ಯ

ತನ್ನಿ ಅಕ್ಕ. ಕೆಳಗಿನ ರ‍್ಯಾಕ್‌ನಲ್ಲೂ ಇಡೋಣ, ಮೇಲಿನದರಲ್ಲೂ ಇಡೋಣ. ಟ್ಯೂಬ್‌ಲೈಟ್ ಕೆಳಗೆ ಆ ಕಂದು ಬಣ್ಣ ಹೇಗೆ ಕಾಣುತ್ತೆ ಅಂತ ಫೋಟೊ ತೆಗೆದು ಇಲ್ಲೇ ಹಾಕುತ್ತೇನೆ.